ಸಾಲಿನಲ್ಲಿ ಕಾಯಿಸಿದ ವಿಳಾಸ

ಗುಜರಿಯವನಿಗೆ ನನ್ನ ಹಳೆಯ ಮಾನಿಟರ್ ಬೇಕಾಗಿರಲಿಲ್ಲ.

"ಈ ಡಬ್ಬಾ ಥರದ್ದೆಲ್ಲ ಈಗ ಯಾರೂ ತಗೊಳಲ್ಲ ಅಂಕಲ್. ಬೇಕಾದ್ರೆ ವೈರ್ ಮಾತ್ರ ಕಿತ್ಕೊಂಡ್ ಹೋಗ್ತೀನಿ," ಅಂದ.

"ಓಡ್ತಾ ಇದೆಯಪ್ಪ, ಕೆಟ್ಟಿಲ್ಲ."

"ಓಡಿ ಎಲ್ಲಿಗ್ ಹೋಗ್ಬೇಕು ಅಂಕಲ್ ಅದು?"

ಅವನ ಮಾತಿಗೆ ಸೋಲಬಾರದೆಂದು ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಪರದೆ ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಹಿಂಬದಿಯ ಸೀಳುಗಳಿಂದ ಕಾದ ಧೂಳಿನ ವಾಸನೆ ಬಂತು. ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಸೀಯುವುದಕ್ಕೆ ಮುಂಚೆ ಬರುತ್ತದಲ್ಲ, ಅಂಥದು. ಒಂದಿಡೀ ವರ್ಷ ನಾನು ಈ ವಾಸನೆಯ ಮುಂದೆ ಕೂತಿದ್ದೆ. ಗುಜರಿಯವನು ವೈರು ಕಿತ್ತುಕೊಂಡು ಹೋದ ಮೇಲೂ ಅದು ಕೋಣೆಯಲ್ಲಿ ಉಳಿದಿತ್ತು. ಅವತ್ತೇ ಇದನ್ನು ಬರೆಯಲು ಕೂತೆ. ಇನ್ನೂ ಮುಂದಕ್ಕೆ ಹಾಕುವ ವಯಸ್ಸು ನನ್ನದಲ್ಲ.

ಅದು ನನ್ನ ಹೆಂಡತಿ ವಿಮಲ ತೀರಿಹೋದ ಮರುವರ್ಷ. ಇಪ್ಪತ್ತು ವರ್ಷದ ಮೇಲಾಯಿತು. ಕಾರ್ಖಾನೆಯಲ್ಲಿ ಸ್ವಯಂನಿವೃತ್ತಿ ಕೊಟ್ಟು ನಮ್ಮಂಥವರನ್ನೆಲ್ಲ ಮನೆಗೆ ಕಳಿಸಿದ್ದರು. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ, ತಿಲಕ್ ನಗರಕ್ಕೆ ತಾಗುವ ಕಡೆ, ಮಹಡಿ ಮೇಲೆ ನನ್ನ ಬಾಡಿಗೆ ಮನೆ. ಕೆಳಗೆ ಮಾಲೀಕರಾದ ಸರೋಜಮ್ಮನವರು. ನಮಗೆ ಮಕ್ಕಳಿರಲಿಲ್ಲ, ಇಬ್ಬರಿದ್ದಾಗ ಅದು ದೊಡ್ಡ ಕೊರತೆ ಅನ್ನಿಸಿರಲಿಲ್ಲ. ಒಬ್ಬನಾದ ಮೇಲೆ ಮಧ್ಯಾಹ್ನಗಳು ಬಹಳ ಉದ್ದವಾದವು. ಜಯನಗರ ಕಾಂಪ್ಲೆಕ್ಸಿನ ಮಾರುಕಟ್ಟೆಗೆ ಹೋದರೆ ಬೇಕಾದದ್ದೆಲ್ಲ ಒಟ್ಟಿಗೆ ತರುತ್ತಿರಲಿಲ್ಲ. ಈರುಳ್ಳಿ ತಂದ ದಿನ ಕೊತ್ತಂಬರಿ ಬಿಡುತ್ತಿದ್ದೆ, ನಾಳೆಯೂ ಹೋಗಬಹುದಲ್ಲ ಎಂದು. ಸೊಪ್ಪಿನವಳು "ನೆನ್ನೇನೇ ತಗೊಂಡ್ ಹೋಗೋಕಾಗ್ಲಿಲ್ವಾ ಸಾರ್" ಎಂದು ಗದರುವಳು. ಅಷ್ಟು ಕೇಳಿಸಿಕೊಂಡು ಮನೆಗೆ ಬರುತ್ತಿದ್ದೆ. ಕೆಲವು ದಿನ ಅದನ್ನು ಬಿಟ್ಟರೆ ಯಾರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ.

ಕಾರ್ಖಾನೆಯಿಂದ ಬಂದ ದುಡ್ಡಿನಲ್ಲಿ ಒಂದು ಕಂಪ್ಯೂಟರ್ ಕೊಂಡೆ. ಜೆ.ಪಿ. ನಗರದಲ್ಲಿ ಒಬ್ಬರು ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ನಡೆಸುತ್ತಿದ್ದ ಕ್ಲಾಸಿಗೆ ಹೋಗಿ ಕಲಿತೆ. ಅಂತರ್ಜಾಲದಲ್ಲಿ ಅಡ್ಡಾಡುತ್ತ ಆ ಡೈರೆಕ್ಟರಿ ಸಿಕ್ಕಿತು.

ಆಗಿನ್ನೂ ಏನು ಬೇಕಾದರೂ ಮೊಬೈಲನ್ನು ಕೇಳುವ ಕಾಲ ಬಂದಿರಲಿಲ್ಲ. ಅಂತರ್ಜಾಲದ ತಾಣಗಳನ್ನು ಮನುಷ್ಯರೇ ಕೂತು ಒಂದೊಂದಾಗಿ ನೋಡಿ, ವಿಷಯವಾರು ಜೋಡಿಸಿಟ್ಟ ದೊಡ್ಡ ಪಟ್ಟಿ ಅದು. ಜಗತ್ತಿನ ಬೇರೆ ಬೇರೆ ಕಡೆಯವರು ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿದ್ದರು. ಅವರಿಗೆ ಎಡಿಟರ್ ಎಂದು ಹೆಸರು, ಒಬ್ಬೊಬ್ಬರಿಗೆ ಒಂದೊಂದು ವಿಭಾಗ. ತಾಣ ಮಾಡಿದವರು ಅದರ ವಿಳಾಸ ಕಳಿಸಿದರೆ ಅದು ಆ ವಿಭಾಗದ ಕಾಯುವ ಸಾಲಿಗೆ ಬಂದು ನಿಲ್ಲುತ್ತಿತ್ತು. ಎಡಿಟರ್ ತೆರೆದು ನೋಡಿ, ಒಂದೆರಡು ವಾಕ್ಯದ ವಿವರಣೆ ಬರೆದು ಪಟ್ಟಿಗೆ ಸೇರಿಸಬೇಕು, ಇಲ್ಲವೇ ತಳ್ಳಿಹಾಕಬೇಕು. ಸರ್ಚ್ ಎಂಜಿನ್‌ಗಳೂ ಆ ಪಟ್ಟಿಯನ್ನು ನೆಚ್ಚಿಕೊಂಡಿದ್ದವು. ಅಲ್ಲಿ ಸೇರಿದ ತಾಣ ಹುಡುಕುವವರ ಕಣ್ಣಿಗೆ ಬೀಳುತ್ತಿತ್ತು. ಸೇರದ್ದು ಇದ್ದೂ ಇಲ್ಲದಂತೆ.

ನಾನು ಬೆಂಗಳೂರಿನ ಸಮಾಜಸೇವೆ ವಿಭಾಗಕ್ಕೆ ಅರ್ಜಿ ಹಾಕಿದೆ. ಒಪ್ಪಿಕೊಂಡರು. ನನ್ನ ಓದು ಎಸ್ಸೆಸ್ಸೆಲ್ಸಿ. ಆಮೇಲೆ ನಿವೃತ್ತಿಯವರೆಗೂ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ನನಗೆ ಬರುತ್ತಿದ್ದುದು ಸ್ಟೋರ್ಸಿನ ಇಂಗ್ಲಿಷ್: ವಸ್ತು ಏನು, ಯಾತಕ್ಕೆ ಬರುತ್ತದೆ, ಯಾವ ಸ್ಥಿತಿಯಲ್ಲಿದೆ. ಡೈರೆಕ್ಟರಿಗೆ ಬೇಕಾದದ್ದೂ ಅದೇ ಆಗಿತ್ತು. ಹೊಗಳಿಕೆ ಕೂಡದು, 'ಶ್ರೇಷ್ಠ', 'ಅತ್ಯುತ್ತಮ' ಅನ್ನುವಂಥ ಮಾತು ಕೂಡದು. ಎಲ್ಲಿಯದೋ ಒಬ್ಬ ಹಿರಿಯ ಎಡಿಟರ್ ನನ್ನ ವಿವರಣೆಗಳನ್ನು ನೋಡಿ, ಅಚ್ಚುಕಟ್ಟಾಗಿದೆ ಎಂದು ಬರೆದ. ಕಾರ್ಖಾನೆಯಲ್ಲಿ ಅಷ್ಟು ವರ್ಷಕ್ಕೆ ಒಬ್ಬರೂ ಆ ಮಾತು ಆಡಿರಲಿಲ್ಲ.

ಪ್ರತಿ ಎಡಿಟರಿಗೂ ತನ್ನ ಪರಿಚಯದ ಒಂದು ಪುಟ ಇರುತ್ತಿತ್ತು. ಬೇರೆಯವರ ಪುಟಗಳಲ್ಲಿ ಪ್ರೊಫೆಸರ್, ಲೈಬ್ರೇರಿಯನ್, ಎಂಜಿನಿಯರ್ ಎಂದೆಲ್ಲ ಇತ್ತು. ನಾನು ನನ್ನ ಹೆಸರಿನ ಮುಂದೆ ಬಿ.ಎ. ಎಂದು ಹಾಕಿಕೊಂಡೆ. ಓದೇನು ಎಂದು ಯಾರೂ ಕೇಳಿರಲಿಲ್ಲ. ಮನೆ ವಿಳಾಸ, ಫೋನ್ ನಂಬರ್ ಹಾಕಬೇಡಿ, ತಾಣದವರು ಬಂದು ಪೀಡಿಸುತ್ತಾರೆ ಎಂದು ಹಿರಿಯರು ಎಚ್ಚರಿಸಿದ್ದರು. ಅವೆರಡನ್ನೂ ಹಾಕಿದೆ. ಯಾರಾದರೂ ಬಂದು ಪೀಡಿಸಲಿ ಎಂದೇ ಇರಬೇಕು.

ಮಳೆಗಾಲ ಶುರುವಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಮಳೆ ಜೋರಾಗಿ ಹುಯ್ಯುತ್ತಿದ್ದಾಗ ಬಾಗಿಲು ತಟ್ಟಿದ ಸದ್ದು. ತೆರೆದರೆ ಮೂವತ್ತೈದರ ಆಸುಪಾಸಿನ ಒಬ್ಬರು. ಒಂದು ಕೈಯಲ್ಲಿ ಸೋರುವ ಕೊಡೆ, ಇನ್ನೊಂದರಲ್ಲಿ ಬಿಳಿಕೋಲು.

"ಡೈರೆಕ್ಟರಿ ನಾಗೇಶ್ ರಾವ್ ಅವರ ಮನೆ ಇದೇನಾ?"

"ಹೌದು. ತಾವು?"

"ಚಂದ್ರಶೇಖರ್ ಅಂತ, ಬನಶಂಕರಿಯಿಂದ. ಫೋನ್ ಮಾಡಿ ಮಾಡಿ ಸಾಕಾಯ್ತು ಸಾರ್. ಯಾವಾಗ್ ಮಾಡಿದ್ರೂ ಎಂಗೇಜ್. ನಾನು ಬ್ಯಾಂಕಲ್ಲಿ ಟೆಲಿಫೋನ್ ಆಪರೇಟರ್. ನನಗೇ ಲೈನ್ ಸಿಗಲ್ಲ ಅಂದ್ರೆ ಮರ್ಯಾದೆ ಪ್ರಶ್ನೆ ಅಲ್ವಾ. ಅದಕ್ಕೇ ಬಂದ್ಬಿಟ್ಟೆ."

ಆಗ ಮನೆಯ ಫೋನಿನ ತಂತಿಯಲ್ಲೇ ಅಂತರ್ಜಾಲ ಬರಬೇಕಾಗಿತ್ತು. ನಾನು ಡೈರೆಕ್ಟರಿಯಲ್ಲಿ ಕೂತಷ್ಟು ಹೊತ್ತೂ ಯಾರಿಗೂ ಫೋನಿನಲ್ಲಿ ಸಿಗುತ್ತಿರಲಿಲ್ಲ. ಮಾಡುವವರೂ ಇರಲಿಲ್ಲ ಅನ್ನಿ.

ಒಳಗೆ ಕೂರಿಸಿ ಒರೆಸಿಕೊಳ್ಳಲು ಟವೆಲು ಕೊಟ್ಟೆ. ಅವರು ತಲೆ ಒರೆಸಿಕೊಳ್ಳುತ್ತಲೇ ಬಂದ ಕೆಲಸ ಹೇಳಿದರು.

"ನಮ್ಮಂಥೋರು ಪರೀಕ್ಷೇಲಿ ಉತ್ತರ ಹೇಳ್ತೀವಿ, ಪಕ್ಕದಲ್ಲಿ ಒಬ್ರು ಕೂತು ಬರೀಬೇಕು. ಸ್ಕ್ರೈಬ್ ಅಂತಾರೆ. ಹಾಗಂತ ಯಾರೋ ಬಂದ್ ಕೂತ್ರೆ ಆಗಲ್ಲ. ಪರೀಕ್ಷೆ ಕೊಡೋರಿಗಿಂತ ಕಮ್ಮಿ ಓದಿರ್ಬೇಕು. ಜಾಸ್ತಿ ಓದಿದ್ರೆ ತಾವೇ ಉತ್ತರ ಬರ್ದುಬಿಡ್ತಾರೆ ಅಂತ ಅನುಮಾನ. ಈ ಜಯನಗರದಲ್ಲಿ ಕಮ್ಮಿ ಓದಿರೋರನ್ನ ಎಲ್ಲಿ ಹುಡುಕ್ಲಿ ಹೇಳಿ. ಇದ್ರೂ ಒಪ್ಕೊಳಲ್ಲ." ನಕ್ಕರು. "ಅದಕ್ಕೆ ಒಂದು ಸೈಟ್ ಮಾಡ್ಸಿದೀನಿ. ಬರೆಯೋಕೆ ರೆಡಿ ಇರೋರು ಹೆಸರು, ಏರಿಯಾ, ಎಷ್ಟು ಓದಿದೀನಿ ಅಂತ ಹಾಕ್ಬೇಕು. ನಿಮ್ ಲಿಸ್ಟಲ್ಲಿ ಬಂದ್ರೇನೇ ಜನಕ್ಕೆ ಸಿಗೋದಂತೆ. ನಿಮ್ಮ ಪುಟಾನ ನನ್ನ ಫ್ರೆಂಡ್ ಓದಿ ಹೇಳ್ದ. ನಿಮ್ಮನ್ನೇ ಸ್ಕ್ರೈಬ್ ಮಾಡ್ಕೊಬಹುದಿತ್ತು, ನಮ್ಮ ಕಣ್ಣಿಲ್ಲದೋರ ಕೂಟದ ಪಿಯುಸಿ ಮಕ್ಕಳಿಗೆ. ಆದ್ರೆ ನೀವು ಬಿ.ಎ."

"ಹೌದು," ಅಂದೆ.

ಅಲ್ಲೇ ಅವರ ಮುಂದೆಯೇ ಕಂಪ್ಯೂಟರ್ ಹಚ್ಚಿದೆ. ಮೋಡೆಮ್ಮು ಕಿರುಗುಟ್ಟಿತು. "ಅಬ್ಬಾ, ಬೆಕ್ಕಿನ ಬಾಲ ತುಳ್ದಂಗಿದೆ," ಅಂದರು. ಅವರ ತಾಣ ನನ್ನ ಸಾಲಿನಲ್ಲೇ ಇತ್ತು. ತೆರೆದು ನೋಡಿದೆ. ಏನೂ ಕೊರತೆ ಇರಲಿಲ್ಲ. ಕಾಫಿ ಆರುವುದರೊಳಗೆ ಸೇರಿಸಿಬಿಡಬಹುದಿತ್ತು.

ಆ ಕಾಫಿಯೇ ನನ್ನನ್ನು ಕೆಡಿಸಿತು. ವಿಮಲ ಹೋದ ಮೇಲೆ ಶೆಲ್ಫಿನಿಂದ ಎರಡನೆಯ ಲೋಟ ಇಳಿದದ್ದು ಅವತ್ತೇ. ಅವರು ಕುಡಿದು, "ಡಿಕಾಕ್ಷನ್ ಗಟ್ಟಿಗಿದೆ ಸಾರ್, ಒಬ್ರೇ ಇರೋರ ಮನೆ ಕಾಫಿ," ಅಂದರು. ಕೆಲಸ ಮುಗಿಯಿತು ಅಂದರೆ ಅವರು ಎದ್ದು ಹೋಗುತ್ತಾರೆ, ಮತ್ತೆ ಬರಲು ಅವರಿಗೆ ಕಾರಣವಿಲ್ಲ ಎಂದು ನನಗೆ ಹೊಳೆಯಿತು.

"ಮುಖಪುಟದಲ್ಲಿ 'ಅತ್ಯುತ್ತಮ ಸೇವೆ' ಅಂತಿದೆ. ನಿಯಮ ಒಪ್ಪಲ್ಲ," ಅಂದೆ. "ಅದನ್ನ ತೆಗೆಸಿ ಒಂದ್ಸಲ ಬಂದು ಹೇಳಿ."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಿಯಮವಿದ್ದದ್ದು ನಾವು ಬರೆಯುವ ವಿವರಣೆಗೆ. ತಾಣದವರು ತಮ್ಮ ಪುಟದಲ್ಲಿ ತಮ್ಮನ್ನು ಎಷ್ಟು ಹೊಗಳಿಕೊಂಡರೂ ನಮಗೆ ಸಂಬಂಧವಿಲ್ಲ. ವಿವರಣೆ ಬರೆಯುವುದು ಎಡಿಟರನ ಕೆಲಸ, ತಿದ್ದುವುದೂ ಅವನ ಕೆಲಸವೇ. ಅದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಂದು ತಾಣವನ್ನು ಎಷ್ಟು ದಿನದೊಳಗೆ ನೋಡಬೇಕು ಎಂಬ ಕಟ್ಟಳೆಯೂ ಇರಲಿಲ್ಲ. ಸಂಬಳವಿಲ್ಲದವನನ್ನು ಯಾರು ತಾನೇ ಕೇಳುತ್ತಾರೆ. ತಳ್ಳಿಹಾಕಿದರೆ ಕಾರಣ ಬರೆಯಬೇಕಾಗಿತ್ತು. ಸುಮ್ಮನೆ ಕಾಯಿಸಿದರೆ ಏನೂ ಬರೆಯಬೇಕಾಗಿರಲಿಲ್ಲ.

ಅವರು ಎರಡು ವಾರ ಬಿಟ್ಟು ಬಂದರು, 'ಅತ್ಯುತ್ತಮ' ತೆಗೆಸಿಕೊಂಡು. ತಾಣ ತಿದ್ದುವ ಗೆಳೆಯ ಬಿಟಿಎಂ ಲೇಔಟಿನಲ್ಲಿದ್ದ. ಅಲ್ಲಿಗೆ ಹೋಗಿ, ಅವನನ್ನು ಕಾಡಿ ತಿದ್ದಿಸಿ, ಆಮೇಲೆ ಬಸ್ಸು ಹಿಡಿದು ನನ್ನ ಮನೆಗೆ ಬರಬೇಕಾಗಿತ್ತು. ನಾನು ತಾಣದ ಹೆಸರು ಉದ್ದವಾಯಿತು ಅಂದೆ. ಅದನ್ನು ಗಿಡ್ಡ ಮಾಡಿಸಿಕೊಂಡು ಬಂದಾಗ, ಸಂಪರ್ಕದ ಪುಟ ಬೇರೆ ಇದ್ದರೆ ಒಳ್ಳೆಯದು ಅಂದೆ. ಗಣಪತಿ ಹಬ್ಬ ಕಳೆಯಿತು, ನವರಾತ್ರಿ ಕಳೆಯಿತು. ಅವರು ಬರುವ ಶನಿವಾರ ನಾನು ಬೆಳಿಗ್ಗೆಯೇ ಹಾಲು ಹೆಚ್ಚಿಗೆ ತರುತ್ತಿದ್ದೆ. ಪೇಪರ್ ಓದಿ ಹೇಳುತ್ತಿದ್ದೆ. ಅವರು ಬ್ಯಾಂಕಿನ ಫೋನಿನಲ್ಲಿ ಮಾತಾಡುವವರ ದನಿಗಳನ್ನು ಅನುಕರಿಸಿ ತೋರಿಸುತ್ತಿದ್ದರು: ಸಾಲ ಕೇಳುವಾಗಿನ ದನಿ, ಸಾಲ ಸಿಕ್ಕ ಮೇಲಿನ ದನಿ, ಕಂತು ಕಟ್ಟದಿದ್ದಾಗ "ಅವರು ಮನೇಲಿಲ್ಲ" ಎಂದು ತಾನೇ ಹೇಳುವವನ ದನಿ. ನಾನು ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದೆ.

"ನಿಮ್ ಫ್ರೆಂಡ್ ಬಂದ್ರೆ ಮೇಲ್ಗಡೆ ನಗು ಕೇಳ್ಸುತ್ತೆ," ಅಂದರು ಸರೋಜಮ್ಮ ಒಂದು ದಿನ, ನೀರಿನ ಮೋಟಾರು ಹಾಕಲು ಬಂದವರು. "ನೀವೂ ನಗ್ತೀರಾ ಅಂತ ನಂಗೆ ಗೊತ್ತೇ ಇರ್ಲಿಲ್ಲ ನಾಗೇಶ್ ರಾವ್."

ಅವರೆಕಾಯಿ ಕಾಲಕ್ಕೆ ಚಂದ್ರು, ಅಷ್ಟರಲ್ಲಿ ನಾನು ಹಾಗೆಯೇ ಕರೆಯುತ್ತಿದ್ದೆ, ರುಕ್ಮಿಣಿಯ ವಿಷಯ ಹೇಳಿದರು. ಕನಕಪುರದ ಆಚೆಯ ಹಳ್ಳಿಯ ಹುಡುಗಿ, ಹುಟ್ಟಿದಾಗಿನಿಂದ ಕಣ್ಣಿಲ್ಲ. ಬನಶಂಕರಿಯ ಒಂದು ಹಾಸ್ಟೆಲಿನಲ್ಲಿದ್ದುಕೊಂಡು ಎರಡನೇ ಪಿಯುಸಿ ಓದುತ್ತಿದ್ದಾಳೆ. ಟೀಚರ್ ಆಗಬೇಕಂತೆ.

"ಅವರಪ್ಪ ಈ ಒಂದು ಸಲಕ್ಕೆ ಅಂತ ಬಿಟ್ಟಿರೋದು ಸಾರ್. ಪಾಸಾದ್ರೆ ಓದು, ಇಲ್ಲಾಂದ್ರೆ ಊರಿಗೆ. ಬರೆಯೋಕೆ ಹೊಸಕೆರೆಹಳ್ಳಿಯಿಂದ ಒಬ್ಳು ಬರ್ತಾಳೆ, ಟೈಲರಿಂಗ್ ಮಾಡೋ ಹುಡುಗಿ, ಎಸ್ಸೆಸ್ಸೆಲ್ಸಿ. ಆದ್ರೆ ಒಬ್ಳನ್ನೇ ನೆಚ್ಕೊಂಡ್ರೆ ಹೆಂಗೆ? ಇನ್ನೊಬ್ರು ಇದ್ರೆ ಧೈರ್ಯ. ನಮ್ ಸೈಟ್ ಯಾವಾಗ ಬರುತ್ತೆ?"

"ಪರಿಶೀಲನೆಯಲ್ಲಿದೆ," ಅಂದೆ.

"ಯಾರು ಪರಿಶೀಲಿಸ್ತಿದಾರೆ?"

"ಮೇಲಿನವರು."

"ನಮ್ ಬ್ಯಾಂಕಲ್ಲೂ ಹಿಂಗೇ," ಅಂದು ನಕ್ಕರು. "ಮೇಲಿನೋರು ಅನ್ನೋರನ್ನ ನೋಡಿದೋರೇ ಇಲ್ಲ. ಅವರ ವಿಷಯದಲ್ಲಿ ನೀವೂ ನಾನೂ ಒಂದೇ."

ಪ್ರತಿ ಸಲ ಅವರು ಮೆಟ್ಟಿಲಿಳಿದು ಹೋದ ಮೇಲೆ, ಮುಂದಿನ ಸಲ ಖಂಡಿತ ಸೇರಿಸಿಬಿಡುವುದು ಅಂದುಕೊಳ್ಳುತ್ತಿದ್ದೆ. ಅವರು ಬಂದು ಕೂತು ಲೋಟಕ್ಕೆ ಕೈ ಚಾಚಿದರೆ, ಇದೊಂದು ಸಲ ಹೋಗಲಿ ಅನ್ನಿಸುತ್ತಿತ್ತು. ಒಂದು ತಾಣ ಪಟ್ಟಿಗೆ ಸೇರದಿದ್ದರೆ ಯಾರ ಗಂಟು ಹೋದೀತು ಎಂದು ನನಗೆ ನಾನೇ ಹೇಳಿಕೊಂಡಿದ್ದೂ ಉಂಟು. ನಡುನಡುವೆ ಬೇರೆಯವರ ತಾಣಗಳನ್ನು ನೋಡಿದೆ, ಸೇರಿಸಿದೆ. ರಕ್ತದಾನದ ಸಂಘ, ನಾಯಿಗಳನ್ನು ಸಾಕುವವರ ಸಂಘ. ಅವರ ಮುಖ ನನಗೆ ಬೇಕಾಗಿರಲಿಲ್ಲ. ಹಾಗಾಗಿ ಅವರ ಕೆಲಸ ಬೇಗ ಆಯಿತು.

ಬೇಸಿಗೆ ಬಂತು. ಪಿಯುಸಿ ಪರೀಕ್ಷೆ ನಡೆಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಮನೆ ಮುಂದೆ ಆಟೊ ನಿಂತ ಸದ್ದಾಯಿತು. ಚಂದ್ರು ಕೋಲನ್ನು ಮಡಚಿ ಹಿಡಿದು, ಕಂಬಿಯನ್ನೇ ನಂಬಿ, ಬೇಗಬೇಗ ಮೆಟ್ಟಿಲು ಹತ್ತುತ್ತಿದ್ದರು. ಕೂರಲಿಲ್ಲ.

"ಟೈಲರಿಂಗ್ ಹುಡುಗಿಗೆ ಅಮ್ಮ ಆಗಿದೆ ಸಾರ್. ಮೈ ತುಂಬ ಗುಳ್ಳೆ. ಇವತ್ತು ರುಕ್ಮಿಣಿಗೆ ಹಿಸ್ಟರಿ. ಪ್ರಿನ್ಸಿಪಾಲರ ಕೈಕಾಲು ಹಿಡ್ದಿದೀನಿ, ಬೆಲ್ ಹೊಡಿಯೋದ್ರೊಳಗೆ ಬೇರೆಯೋರು ಮಾರ್ಕ್ಸ್ ಕಾರ್ಡ್ ತಗೊಂಡ್ ಬಂದ್ರೆ ಕೂರಿಸ್ತೀನಿ ಅಂದಿದಾರೆ. ನಿಮ್ಗೆ ಫೋನ್ ಮಾಡ್ದೆ, ಅದೇ ಎಂಗೇಜ್. ನಿಮ್ ಬೀದೀಲಿ ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿರೋರು ಯಾರಾದ್ರೂ ಇದಾರಾ?"

ನನ್ನ ಮಾರ್ಕ್ಸ್ ಕಾರ್ಡು ಅವರ ಬೆನ್ನ ಹಿಂದಿನ ಬೀರುವಿನಲ್ಲಿ, ವಿಮಲಳ ಸೀರೆಗಳ ಕೆಳಗೆ ಇತ್ತು. ಹಿಸ್ಟರಿಯಲ್ಲಿ ನನಗೆ ಒಳ್ಳೆಯ ಅಂಕವೇ ಬಂದಿತ್ತು. ಅಕ್ಷರ ದುಂಡಗಿತ್ತು. ಷರ್ಟು ಹಾಕಿಕೊಂಡು ಅವರ ಜೊತೆ ಆಟೊ ಹತ್ತಿದ್ದರೆ ಆಗುತ್ತಿತ್ತು. 'ಬಿ.ಎ. ಅಂದದ್ದು ಸುಳ್ಳು' ಎಂದು ಹೇಳಬೇಕಾಗಿತ್ತು, ಅಷ್ಟೇ. ಅದನ್ನು ಹೇಳಿದರೆ ನಿಯಮ, ಪರಿಶೀಲನೆ, ಮೇಲಿನವರು ಎಲ್ಲವೂ ಅದರ ಹಿಂದೆಯೇ ಬಿಚ್ಚಿಕೊಳ್ಳುತ್ತವೆ ಎಂದು ಹೆದರಿದೆ.

"ಇರಿ, ವಿಚಾರಿಸ್ತೀನಿ," ಎಂದು ಕೆಳಗಿಳಿದೆ.

ಸರೋಜಮ್ಮನವರನ್ನು ಕೇಳಿದೆ. "ನಮ್ಮನೇಲಿ ಎಲ್ಲಾ ಡಿಗ್ರೀನೇ," ಅಂದರು, ಸ್ವಲ್ಪ ಬಿಗುವಿನಿಂದ. ಮೂಲೆಯ ಇಸ್ತ್ರಿ ಗಾಡಿಯವನನ್ನು ಕೇಳಿದೆ. ಅವನು ಏಳನೇ ಕ್ಲಾಸು ಫೇಲು. ಯಾರೂ ಸಿಗುವುದಿಲ್ಲ ಎಂದು ಗೊತ್ತಿದ್ದೂ ಬೀದಿಯ ಕೊನೆಯವರೆಗೆ ನಡೆದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹುಡುಕಿದಂತೆ ಮಾಡಿದ ಆ ಓಡಾಟಕ್ಕೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ. ಸುಮ್ಮನೆ 'ಇಲ್ಲ' ಅಂದಿದ್ದರೆ ಅವರು ಬೇರೆ ಕಡೆಗಾದರೂ ಬೇಗ ಹೋಗುತ್ತಿದ್ದರು.

ವಾಪಸು ಬಂದು, "ಯಾರೂ ಇಲ್ಲ ಚಂದ್ರು," ಅಂದೆ.

"ಪರ್ವಾಗಿಲ್ಲ ಸಾರ್," ಅಂದರು. "ನೀವಾದ್ರೂ ಈ ಬಿಸಿಲಲ್ಲಿ ಓಡಾಡಿದ್ರಲ್ಲ."

ಆಟೊ ಹೋಯಿತು. ನಾನು ಕಂಪ್ಯೂಟರಿನ ಮುಂದೆ ಕೂತು ಅವರ ತಾಣವನ್ನು ತೆರೆದೆ. ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವ ಸ್ವಯಂಸೇವಕರ ಪಟ್ಟಿ, ಬೆಂಗಳೂರು. ಇಂಗ್ಲಿಷಿನಲ್ಲಿ ಇಷ್ಟೇ ಒಂದು ವಾಕ್ಯದ ವಿವರಣೆ ಬರೆದು ಪಟ್ಟಿಗೆ ಸೇರಿಸಿದೆ. ಒಲೆ ಮೇಲಿಟ್ಟ ಹಾಲು ಇನ್ನೂ ಉಕ್ಕಿರಲಿಲ್ಲ, ಕೆಲಸ ಮುಗಿದಿತ್ತು.

ರಸಪುರಿ ಮಾವಿನಹಣ್ಣಿನ ಕಾಲಕ್ಕೆ ಅವರು ಕೊನೆಯ ಸಲ ಬಂದರು, ಕೈಯಲ್ಲಿ ಹಣ್ಣಿನ ಚೀಲ ಹಿಡಿದುಕೊಂಡು.

"ಲಿಸ್ಟಿಗೆ ಬಂದಿದ್ದೇ ಬಂದಿದ್ದು, ಜನ ಹೆಸರು ಹಾಕೋಕೆ ಶುರು ಮಾಡಿದಾರೆ ಸಾರ್. ಬಿಟಿಎಮ್ಮಿಂದ, ತಿಲಕ್ ನಗರದಿಂದ. ಇಲ್ಲೇ ನಿಮ್ ಹಿಂದಿನ ರಸ್ತೆಯಿಂದ್ಲೇ ಒಬ್ರು, ಎಸ್ಸೆಸ್ಸೆಲ್ಸಿ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ಹಿಂದಿನ ರಸ್ತೆ. ಆ ಬೆಳಿಗ್ಗೆ ನಾನು ಅಲ್ಲಿಯವರೆಗೆ ಹೋಗಿರಲಿಲ್ಲ.

"ರುಕ್ಮಿಣಿ?" ಎಂದು ಕೇಳಿದೆ.

"ಅವತ್ತು ಬೆಲ್ ಹೊಡೆದ ಮೇಲೂ ಹಾಲ್‌ನಲ್ಲೇ ಕೂತಿದ್ಲಂತೆ, ಯಾರಾದ್ರೂ ಬರ್ತಾರೆ ಅಂತ. ಸಪ್ಲಿಮೆಂಟರಿ ಕಟ್ಟಬಹುದು ಅಂತ ಅವರಪ್ಪಂಗೆ ಹೇಳ್ದೆ. ಕೇಳ್ಲಿಲ್ಲ. ಟ್ರಂಕ್ ಸಮೇತ ಕರ್ಕೊಂಡ್ ಹೋದ್ರು." ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಎದ್ದರು. "ಬರ್ತೀನಿ ಸಾರ್. ಇಷ್ಟು ದಿನ ನಿಮ್ಮನ್ನ ಗೋಳುಹೊಯ್ಕೊಂಡೆ. ಇನ್ನು ತೊಂದ್ರೆ ಕೊಡಲ್ಲ."

'ಕೆಲಸ ಇಲ್ಲದಿದ್ದರೂ ಬನ್ನಿ ಚಂದ್ರು, ಸುಮ್ನೆ ಬನ್ನಿ.' ಇಷ್ಟು ಹೇಳಬೇಕಾಗಿತ್ತು. ಮೊದಲನೆಯ ದಿನವೇ ಇದನ್ನು ಹೇಳಿದ್ದರೆ ಬಹುಶಃ ಅವರು ಬರುತ್ತಿದ್ದರು, ಬೇರೆ ಯಾವುದೂ ಬೇಕಾಗುತ್ತಿರಲಿಲ್ಲ. ಅವತ್ತು ಬಾಯಿಯವರೆಗೆ ಬಂತು. ಆದರೆ ರುಕ್ಮಿಣಿಯ ಟ್ರಂಕಿನ ವಿಷಯ ಕೇಳಿದ ಬಾಯಲ್ಲಿ ಅದನ್ನು ಆಡಲಾಗಲಿಲ್ಲ. ಅವರು ಇಳಿದು ಹೋದರು. ಕಂಬಿಯ ಮೇಲೆ ಕೈ ಜಾರುವ ಸದ್ದು ಕೆಳಗಿನ ಗೇಟಿನವರೆಗೂ ಕೇಳಿಸಿತು. ಆಮೇಲೆ ಬರಲಿಲ್ಲ. ಅವರಿಗೆ ಕೆಲಸವಿರಲಿಲ್ಲ, ನನಗೆ ಮುಖವಿರಲಿಲ್ಲ.

ಹಣ್ಣುಗಳನ್ನು ನಾನು ತಿನ್ನಲಿಲ್ಲ, ಸರೋಜಮ್ಮನವರಿಗೆ ಕೊಟ್ಟೆ. ಡೈರೆಕ್ಟರಿಯ ಕೆಲಸ ತಾನಾಗಿ ಕೈಬಿಟ್ಟಿತು. ತಿಂಗಳುಗಟ್ಟಲೆ ಏನೂ ಮಾಡದ ಎಡಿಟರನ ಹೆಸರನ್ನು ಅವರೇ ತೆಗೆದುಹಾಕುತ್ತಿದ್ದರು, ನನ್ನದನ್ನೂ ತೆಗೆದರು. ವರ್ಷಗಳ ಮೇಲೆ ಇಡೀ ಡೈರೆಕ್ಟರಿಯೇ ಮುಚ್ಚಿಹೋಯಿತು. ನಾನು ಆ ತಾಣವನ್ನು ಎಷ್ಟು ಕಾಲ ತಡೆಹಿಡಿದಿದ್ದೆ ಎಂದು ತೋರಿಸುವಂಥದು ಈಗ ಎಲ್ಲಿಯೂ ಏನೂ ಇಲ್ಲ. ಬೇಗ ಸೇರಿಸಿದ್ದರೆ ಆ ಹಿಂದಿನ ರಸ್ತೆಯವರು ಅವತ್ತು ಸಿಗುತ್ತಿದ್ದರೇ? ಗೊತ್ತಿಲ್ಲ. ನಾನಂತೂ ಅಲ್ಲೇ ಇದ್ದೆ. ಅದು ಗೊತ್ತಿದೆ.

ಗುಜರಿಯವನು ಹೋದ ಮರುದಿನ ಮೊಬೈಲಿನಲ್ಲಿ ಹುಡುಕಿದೆ. ಚಂದ್ರುವಿನ ಕೂಟ ಈಗಲೂ ಇದೆ, ಬನಶಂಕರಿಯಲ್ಲೇ. ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಎತ್ತಿದಳು.

"ಸ್ಕ್ರೈಬ್ ಆಗೋಕಾ ಸಾರ್? ಎಷ್ಟು ಓದಿದೀರಾ?"

"ಎಸ್ಸೆಸ್ಸೆಲ್ಸಿ."

"ಒಳ್ಳೇದಾಯ್ತು, ಅಂಥೋರೇ ಸಿಗಲ್ಲ. ವಯಸ್ಸು?"

"ಎಪ್ಪತ್ತಾರು."

"ಬೇಜಾರ್ ಮಾಡ್ಕೋಬೇಡಿ ಸಾರ್, ಕೈ ನಡುಗುತ್ತಾ?"

"ನಡುಗುತ್ತಮ್ಮ."

"ಹಾಗಾದ್ರೆ ಬರೆಯೋದು ಬೇಡ. ಪಾಠ ಓದಿ ಹೇಳೋಕೆ ಬನ್ನಿ. ದನಿ ಚೆನ್ನಾಗಿದೆ ನಿಮ್ದು."

"ಚಂದ್ರಶೇಖರ್ ಅಂತ ಒಬ್ರು..."

"ಇದಾರಲ್ಲ. ರಿಟೈರ್ ಆದ್ಮೇಲೆ ಶನಿವಾರ ಪೂರ್ತಿ ಇಲ್ಲೇ ಇರ್ತಾರೆ. ಏನ್ ಕೆಲ್ಸ ಇತ್ತು ಅಂತ ಹೇಳ್ಲಿ?"

"ಕೆಲಸ ಏನೂ ಇಲ್ಲಮ್ಮ," ಅಂದೆ. "ಸುಮ್ನೆ ಬರ್ತೀನಿ ಅಂತ ಹೇಳು."

ಇವತ್ತು ಶುಕ್ರವಾರ. ಈ ಬರಹ ಯಾರ ಕೈ ಸೇರುವುದಕ್ಕೂ ಮುಂಚೆ ಅವರಿಗೆ ಸಲ್ಲಬೇಕು. ನಡುಗುವ ಕೈಯ ಅಕ್ಷರ. ಈಗ ಅವರಿಗೆ ಓದಿ ಹೇಳುವ ಮೊಬೈಲು ಇದ್ದರೂ ಇದನ್ನು ಅದು ಓದಲಾರದು. ನಾಳೆ ಅವರ ಎದುರು ಕೂತು, ಮೊದಲಿನಿಂದ ಕೊನೆಯವರೆಗೆ, ನಾನೇ ಓದಿ ಹೇಳಬೇಕು.